ಮಟಮಟ ಮಧ್ಯಾಹ್ನದ ಲೋಟ

ಓಂಕಾರ, ಸಾನಿಕಾ,

ಫ್ಯಾನಿನ ಕೆಳಗೆ ಮಲಗಿದ ನಿಮ್ಮಲ್ಲಿ ಯಾರಾದರೂ "ಆಜಿ, ಥಂಡಿ ವಾಜತೇ" ಎಂದು ಚಳಿ ಹೇಳಿಕೊಂಡರೆ ನಾನು ಚಾದರ ತರುವುದಿಲ್ಲ. ಮೊದಲು ಬಂದು ನಿಮ್ಮ ಕತ್ತಿನ ಹಿಂಭಾಗ ಮುಟ್ಟಿ ನೋಡುತ್ತೇನೆ. ನೀವು ನಗುತ್ತೀರಿ. ಒಂದು ಚಾದರ ಕೊಡಲು ಆಜಿಗೆ ಯಾಕೆ ಇಷ್ಟು ಜಿಪುಣತನ ಎಂದು ಮೊನ್ನೆ ಸಾನಿಕಾ ಅಮ್ಮನನ್ನು ಕೇಳಿದ್ದು ಅಡುಗೆಮನೆಗೆ ಕೇಳಿಸಿತು. ಸಾನಿಕಾ ಈಗ ಶಾಲೆಯ ಓಟದ ತಂಡಕ್ಕೆ ಸೇರಿದ್ದಾಳೆ. ಆದ್ದರಿಂದ ಇದನ್ನು ಹೇಳಿಬಿಡಬೇಕು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಅಕ್ಷರ ದುಂಡಗಿದ್ದರೂ ತಪ್ಪುಗಳಿರಬಹುದು. ಓದಲು ಬಾರದ ಕಡೆ ಅಪ್ಪನಿಂದ ಓದಿಸಿಕೊಳ್ಳಿ.

ಮೂರು ವರ್ಷದ ಹಿಂದೆ, ಬೇಸಗೆ ರಜೆಯಲ್ಲಿ, ನಮ್ಮ ಕಾಮೋಠೆಯ ಒಂದು ಶಾಲೆಯ ಮೈದಾನದಲ್ಲಿ ದೂರ ಓಡುವವರ ಕ್ಯಾಂಪ್ ನಡೆಯಿತು. ಕಲ್ಯಾಣ, ಠಾಣೆ ಕಡೆಯಿಂದ ಬಂದ ಹದಿನೆಂಟು ಹುಡುಗ ಹುಡುಗಿಯರು ಶಾಲೆಯ ಹಾಸ್ಟೆಲಿನಲ್ಲೇ ಇದ್ದರು. ಬೆಳಗಿನ ತಿಂಡಿ ಮಾಡಲು, ಮಧ್ಯಾಹ್ನ ಊಟ ಬಡಿಸಲು ನನ್ನನ್ನು ಕರೆದರು. ನಿಮ್ಮ ಅಜ್ಜ ತೀರಿಕೊಂಡು, ಕೋಪರಿಯ ನಮ್ಮ ಹೋಟೆಲನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೆ ನನಗೆ ಕೈಗೆ ಕೆಲಸವೇ ಇರಲಿಲ್ಲ. ಒಪ್ಪಿಕೊಂಡೆ. ಒಂದು ವಾರ ಕಳೆಯುವುದರೊಳಗೆ ಓಟಗಾರರಿಗೆ ಕುಡಿಯಲು ಕೊಡುವ ನೀರಿನ ಮೇಜೂ ನನ್ನ ಪಾಲಿಗೆ ಬಂತು.

ಅದನ್ನು ನನಗೆ ಕಲಿಸಿದವಳು ಕ್ಯಾಂಪಿನ ಫಿಜಿಯೋ. ಓಟಗಾರರ ಮೈಕೈ ನೋವು, ಆರೋಗ್ಯ ನೋಡಿಕೊಳ್ಳುವುದು ಅವಳ ಕೆಲಸ. ಧಾರವಾಡದ ಕಡೆಯ ಹುಡುಗಿ. ದಿನವೂ ಡೊಂಬಿವಲಿಯಿಂದ ಬರುತ್ತಿದ್ದಳು. ನಾನು ಕನ್ನಡದಲ್ಲಿ ಮಾತಾಡುತ್ತೇನೆಂದು ತಿಳಿದ ದಿನವೇ ನನ್ನನ್ನು ಅಜ್ಜಿ ಎಂದು ಕರೆಯತೊಡಗಿದಳು.

ಕೆಲಸ ಹೀಗಿತ್ತು. ಬೆಳಿಗ್ಗೆ ಐದೂವರೆಗೆ ಓಟ ಶುರುವಾಗುವ ಮೊದಲು ಪ್ರತಿಯೊಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿ ರಿಜಿಸ್ಟರಿನಲ್ಲಿ ಬರೆಯುವುದು. ಎಂಟಕ್ಕೆ ಓಟ ಮುಗಿದಾಗ ಬೆವರು ಒರೆಸಿಕೊಳ್ಳಲು ಹೇಳಿ ಮತ್ತೆ ತೂಗುವುದು. ಇಳಿದದ್ದೆಲ್ಲ ಬೆವರಿನಲ್ಲಿ ಹೋದ ನೀರು. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದೂಕಾಲು ಲೀಟರ್ ಕುಡಿಸಬೇಕು. ಒಂದೇ ಉಸಿರಿಗಲ್ಲ, ಎರಡು ಮೂರು ಗಂಟೆಯಲ್ಲಿ, ಗುಟುಕು ಗುಟುಕಾಗಿ. ಓಟದ ನಡುವೆ ತಣ್ಣೀರಿನಲ್ಲಿ ಅದ್ದಿದ ಟವೆಲನ್ನು ಕತ್ತಿಗೆ ಹಾಕುವುದು. ಹಳೆ ಪಂಚೆ ಹರಿದು ಉದ್ದ ಚೀಲ ಹೊಲಿದು, ಅದರಲ್ಲಿ ಮಂಜುಗಡ್ಡೆಯ ಚೂರು ತುಂಬಿ ಹೆಗಲ ಮೇಲೆ ಇಡುವುದು.

ಮೊದಲ ವಾರ ಎರಡು ತಪ್ಪು ಮಾಡಿದೆ. ಹೋಟೆಲಿನ ಕೈ ನನ್ನದು; ನಿಂಬೆ ಶರಬತ್ತಿಗೆ ರುಚಿ ನೋಡಿ ಉಪ್ಪು ಹಾಕಿದೆ. ಕುಳಿತು ಕುಡಿಯುವವರ ರುಚಿಯೇ ಬೇರೆ, ಓಡುತ್ತಾ ಕುಡಿಯುವವರದೇ ಬೇರೆ. ನಾಲ್ವರು ವಾಂತಿ ಮಾಡಿದರು. ಆಮೇಲೆ ಹೆದರಿ ಬರೀ ನೀರು ಕೊಟ್ಟೆ, ಕುಡಿ ಕುಡಿ ಎಂದು ಒತ್ತಾಯ ಮಾಡಿಯೇ ಕೊಟ್ಟೆ. ಒಬ್ಬ ಹುಡುಗನ ತೂಕ ಓಟದ ನಂತರ ಇಳಿಯುವ ಬದಲು ಏರಿತ್ತು. ಅವನಿಗೆ ತಲೆನೋವು, ಬೆರಳೆಲ್ಲ ಊದಿ ಉಂಗುರ ಬಿಗಿಯಾಗಿತ್ತು. ಒಳ್ಳೆಯದಾಯಿತು ಎಂದುಕೊಂಡು ನಾನು ಸುಮ್ಮನಿದ್ದೆ. ರಿಜಿಸ್ಟರ್ ನೋಡಿದ ಫಿಜಿಯೋ ಅವನನ್ನು ಕೂಡಲೇ ಡಾಕ್ಟರರ ಹತ್ತಿರ ಕಳಿಸಿದಳು. ನೀರು ಕಡಿಮೆಯಾದರೂ ಅಪಾಯ, ಅತಿಯಾದರೂ ರಕ್ತದ ಉಪ್ಪು ತೆಳ್ಳಗಾಗಿ ಅಪಾಯ ಎಂದು ಆಗ ಗೊತ್ತಾಯಿತು.

"ಗೊತ್ತಿಲ್ಲಂದ್ರ ಕೇಳ್ರಿ ಅಜ್ಜಿ," ಎಂದಳು. "ನೀವು ಹಿಂಗ ನಾಚ್ಕೊಂಡು ಕುಂತ್ರ ಮಂದಿ ಸಾಯ್ತಾರ ನೋಡ್ರಿ."

ತಮಾಷೆಯಾಗಿಯೇ ಹೇಳಿದಳು. ಆದರೆ ಆ ಮಾತು ನನಗೆ ಎಲ್ಲಿಗೆ ತಗುಲಿತೆಂದು ಅವಳಿಗೆ ತಿಳಿಯದು.

ಮೂತ್ರದ ಬಣ್ಣ ಕೇಳುವುದೂ ನನ್ನ ಕೆಲಸವೇ. ಬಣ್ಣ ಗಾಢವಾದಷ್ಟೂ ಮೈಯಲ್ಲಿ ನೀರು ಕಡಿಮೆ ಎಂದು ಅರ್ಥ. ಪರರ ಮಕ್ಕಳನ್ನು ಅದನ್ನು ಹೇಗೆ ಕೇಳುವುದು? ಮೂರು ಗಾಜಿನ ಬಾಟಲಿ ತೊಳೆದು, ಒಂದರಲ್ಲಿ ತೆಳು ನಿಂಬೆಹಣ್ಣಿನ ನೀರು, ಇನ್ನೊಂದರಲ್ಲಿ ಅರಿಸಿನದ ನೀರು, ಮೂರನೆಯದರಲ್ಲಿ ಚಹಾದ ಡಿಕಾಕ್ಷನ್ ತುಂಬಿ ಪಾಯಖಾನೆಯ ಬಾಗಿಲ ಬಳಿ ಇಟ್ಟೆ. ಪಕ್ಕದಲ್ಲಿ ಒಂದು ಹಲಗೆ. ತಮ್ಮದು ಯಾವ ಬಾಟಲಿಯ ಹಾಗಿದೆಯೋ ಅದರ ಕೆಳಗೆ ಅವರವರೇ ಗೀಟು ಹಾಕಬೇಕು. ಯಾರೂ ಯಾರೊಡನೆಯೂ ಮಾತಾಡಬೇಕಾಗಿಲ್ಲ. "ಆಜಿ, ಮೂರನೆಯದನ್ನು ಬಿಸಿ ಮಾಡಿ ಕೊಡ್ತೀರಾ?" ಎಂದು ಒಬ್ಬ ಮರಾಠಿಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದ. ಫಿಜಿಯೋ ಆ ಬಾಟಲಿಗಳ ಫೋಟೋ ತೆಗೆದುಕೊಂಡಳು.

ಅವಳು ಕೋಚ್ ಸರ್ ಹತ್ತಿರ ಒಂದು ದೊಡ್ಡ ಟಬ್ಬು ಕೇಳಿದ್ದಳು. ಬಿಸಿಲಿನ ಓಟದಲ್ಲಿ ಯಾರಿಗಾದರೂ ಮೈಯ ಕಾವು ತಲೆಗೇರಿದರೆ, ಬುದ್ಧಿ ಕೆಟ್ಟು ಏನೇನೋ ಆಡತೊಡಗಿದರೆ, ಕತ್ತಿನವರೆಗೆ ಮಂಜುಗಡ್ಡೆಯ ನೀರಿನಲ್ಲಿ ಕೂರಿಸಬೇಕು. ಅರ್ಧ ಗಂಟೆಯೊಳಗೆ ಕಾವು ಇಳಿಯಬೇಕು. ಬೆವರುತ್ತಿದ್ದಾರೆ, ಏನೂ ಆಗದು ಎಂದುಕೊಳ್ಳಬಾರದು, ಬೆವರುತ್ತಲೇ ಸಾಯಬಹುದು. "ಮೊದಲು ತಂಪು, ಆಮೇಲೆ ದವಾಖಾನಿ" ಎಂದು ನನ್ನಿಂದ ಪಾಠ ಒಪ್ಪಿಸಿಕೊಂಡಿದ್ದಳು. ಟಬ್ಬು ಬರಲೇ ಇಲ್ಲ. ನಮ್ಮ ಮನೆಯ ಅಟ್ಟದಲ್ಲಿದ್ದ, ಬಾತುಕೋಳಿ ಚಿತ್ರದ, ಗಾಳಿ ತುಂಬುವ ನೀಲಿ ಈಜುಕೊಳವನ್ನು ಒಯ್ದುಕೊಟ್ಟೆ. ಹೌದು, ನಿಮ್ಮದೇ. ಅದು ಕಾಣೆಯಾದಾಗ ನೀವು ಎರಡು ದಿನ ಅತ್ತಿರಿ. ಇಲಿ ಕಡಿದಿತ್ತು, ಎಸೆದೆ ಎಂದು ನಾನು ಸುಳ್ಳು ಹೇಳಿದೆ. ನೀರಿನ ಮೇಜಿನ ಹಿಂದೆ ನೆರಳಿನಲ್ಲಿ ಅದನ್ನು ದಿನವೂ ತುಂಬಿಡುತ್ತಿದ್ದೆ. ಮಂಜುಗಡ್ಡೆಯ ದೊಡ್ಡ ಲಾದಿಗಳು ಗೋಣಿಯಲ್ಲಿ ಸುತ್ತಿಕೊಂಡು ನಸುಕಿನಲ್ಲೊಮ್ಮೆ, ಸಂಜೆಯ ಓಟಕ್ಕೆಂದು ಹನ್ನೊಂದಕ್ಕೊಮ್ಮೆ ಬರುತ್ತಿದ್ದವು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ.

ಮಧ್ಯಾಹ್ನದ ಊಟವಾದ ಮೇಲೆ ಐದರವರೆಗೆ ಯಾರೂ ಹೊರಗೆ ಬರಬಾರದೆಂದು ನಿಯಮ. ಮಕ್ಕಳು ಮಲಗುತ್ತಿದ್ದರು. ಕಾವಲಿನ ಅಜ್ಜ ಗೇಟಿನ ಕೋಣೆಯಲ್ಲಿ ತೂಕಡಿಸುತ್ತಿದ್ದ. ನಾನೊಬ್ಬಳೇ ಮೈದಾನದ ಅಂಚಿನಲ್ಲಿ ಕ್ಯಾನುಗಳನ್ನು ತೊಳೆಯುತ್ತಿದ್ದೆ. ಆ ಹೊತ್ತಿನಲ್ಲಿ ಖಾರ್‌ಘರ್ ಗುಡ್ಡ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಕಾಲಿನ ನೆರಳು ಕಾಲ ಕೆಳಗೇ ಇರುತ್ತದೆ. ಹೆದ್ದಾರಿಯ ಸದ್ದೂ ದೂರವಾಗುತ್ತದೆ.

ಒಂದು ದಿನ ಕುಡಿಯುವ ನೀರಿನ ಕ್ಯಾನಿಗೆ ನಾನು ಸೀಮೆಸುಣ್ಣದಲ್ಲಿ ಹಾಕಿದ್ದ ಗೆರೆಗಿಂತ ನೀರು ಕೆಳಗಿತ್ತು. ಕಲ್ಲುಹಾಸಿನ ಮೇಲೆ ಒದ್ದೆ ಹೆಜ್ಜೆಗಳು. ಒಂದು, ಎರಡು, ಮೂರು. ನಾಲ್ಕನೆಯದು ನಾನು ನೋಡುತ್ತಿದ್ದಂತೆಯೇ ಆರಿಹೋಯಿತು. ತಲೆಯೆತ್ತಿದರೆ ಮೈದಾನದಲ್ಲಿ ಯಾರೂ ಇಲ್ಲ. ಆಮೇಲೆ ಶಾಲೆಯ ಕಟ್ಟಡದ ಆಚೆಯಿಂದ ಒಂದು ಸದ್ದು ಕೇಳಿಸಿತು. ಹೆಜ್ಜೆಯ ಸದ್ದು, ಅದರೊಂದಿಗೆ ಪರಪರ ಎನ್ನುವ ಇನ್ನೊಂದು ಸದ್ದು. ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು.

ಆ ಪರಪರ ನನಗೆ ಗೊತ್ತಿದ್ದದ್ದೇ. ನಿಮ್ಮ ಅಜ್ಜ ಹೋಟೆಲಿನ ಅಡುಗೆಮನೆಯಲ್ಲಿ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಏಪ್ರನ್ ಕಟ್ಟುತ್ತಿದ್ದರು. ಅವರು ಓಡಾಡಿದರೆ ಅದೇ ಸದ್ದು. ಅವರು ಹೋದದ್ದೂ ಇಂಥದ್ದೇ ಬೇಸಗೆಯ ಮಧ್ಯಾಹ್ನ, ಒಲೆಯ ಮುಂದಿನಿಂದ ಎದ್ದುಬಂದು.

ಉಡುಪಿ ಕಡೆಯ ನಮ್ಮೂರಲ್ಲಿ ಮಟಮಟ ಮಧ್ಯಾಹ್ನ ಹೆಜ್ಜೆ ಸದ್ದು ಕೇಳಿದರೆ ತಿರುಗಿ ನೋಡಬಾರದು, ಹೆಸರು ಕೂಗಬಾರದು. ಬಾಯಾರಿ ಸತ್ತವರು ನೀರು ಕೇಳಿಕೊಂಡು ಬರುತ್ತಾರೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅವರನ್ನು ನಾವು ಕುಲೆ ಎನ್ನುತ್ತೇವೆ. ಲೋಟದಲ್ಲಿ ನೀರು, ಒಂದು ತುಂಡು ಬೆಲ್ಲ ಇಟ್ಟು ಬೆನ್ನು ತಿರುಗಿಸಬೇಕು. ಮರುದಿನ ಊಟ ಬಡಿಸಿದ ಮೇಲೆ ನಾನು ಹಾಗೆಯೇ ಮಾಡಿದೆ. ಮೈದಾನದ ಕೊನೆಯ ಮೋಟುಗೋಡೆಯ ಮೇಲೆ, ಗುಲ್‌ಮೊಹರ್ ಮರದ ಬುಡದ ಹತ್ತಿರ, ಹೋಟೆಲಿನದೇ ಒಂದು ಸ್ಟೀಲಿನ ಲೋಟ ಇಟ್ಟೆ. ಯಾರಿಗೂ ಹೇಳಲಿಲ್ಲ.

ಆ ಸದ್ದು ಶುರುವಾಗುವ ಹೊತ್ತಿಗೆ ಓರೆಗಣ್ಣಿನಿಂದ ನೋಡಿದೆ. ಬೆಲ್ಲವಿರಲಿಲ್ಲ. ಲೋಟ ಬೋರಲಾಗಿತ್ತು.

ನೀರು ಕುಡಿದು ಲೋಟ ಬೋರಲು ಹಾಕುವುದು ನಿಮ್ಮ ಅಜ್ಜನ ಅಭ್ಯಾಸ. ಹೋಟೆಲಿನ ಹುಡುಗರಿಗೂ ಅದನ್ನೇ ಕಲಿಸಿದ್ದರು. ಬೋರಲಿದ್ದರೆ ತೊಳೆಯಬೇಕಾದ್ದು ಎಂದು ಅರ್ಥ. ಮಕ್ಕಳೇ, ನಿಜ ಹೇಳುತ್ತೇನೆ, ಭಯಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು. ಐದು ದಿನ ಇಟ್ಟೆ. ಐದು ದಿನವೂ ಲೋಟ ಬೋರಲು. ಐದು ದಿನವೂ ನಾನು ಬೆನ್ನು ಹಾಕಿ ನಿಂತು ಆ ಸದ್ದನ್ನು ಕೇಳಿದೆ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ವಿಠ್ಠಲವಾಡಿಯಿಂದ ಬಂದ ಒಬ್ಬಳು ಹುಡುಗಿಯ ಬೆಳಗಿನ ತೂಕ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಉಡುಪಿ ಕಡೆಯವರದೇ ಮಗು. ತಂದೆ ವಿಠ್ಠಲವಾಡಿಯಲ್ಲಿ ಹೋಟೆಲ್ ನಡೆಸುತ್ತಾರೆ. ನಾನು ತುಳುವಿನಲ್ಲಿ ಏನು ಕೇಳಿದರೂ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದಳು. ನಮ್ಮ ಓಟಗಾರರು ಆ ರಿಜಿಸ್ಟರನ್ನು ತಪ್ಪಾಗಿ ಓದಿಕೊಂಡಿದ್ದರು. ಯಾರ ತೂಕ ಹೆಚ್ಚು ಇಳಿಯಿತೋ ಅವರೇ ಹೆಚ್ಚು ಕಷ್ಟಪಟ್ಟವರು ಎಂದು ಅವರವರೇ ಪೈಪೋಟಿ ಹಚ್ಚಿದ್ದರು. "ಆಜಿ, ಆಜ ಕಿತೀ ಗೇಲಂ?" ಇವತ್ತೆಷ್ಟು ಇಳಿಯಿತು ಎಂದು ಖುಷಿಯಿಂದ ಕೇಳುವವಳು ಅವಳೇ. ಕ್ಯಾಂಪಿನ ಕೊನೆಗೆ ನಾಲ್ವರನ್ನು ಮಾತ್ರ ಮುಂದಕ್ಕೆ ಆರಿಸುವವರಿದ್ದರು. ಹಲಗೆಯ ಮೇಲೆ ಚಹಾ ಬಣ್ಣದ ಬಾಟಲಿಯ ಕೆಳಗೆ ದಿನವೂ ಒಂದು ಗೀಟು ಬೀಳುತ್ತಿತ್ತು. ಫಿಜಿಯೋಗೆ ಹೇಳಬೇಕೆಂದುಕೊಂಡೆ. ಇವಳಿಗೇನು ಗೊತ್ತು ಎಂದು ಯಾರಾದರೂ ಅಂದರೆ ಎಂದು ನಾಚಿ, ನಾಳೆ ನೋಡೋಣ ಎಂದುಕೊಂಡೆ.

ಲೋಟ ಇಡತೊಡಗಿದ ಆರನೆಯ ದಿನ ಕೋಚ್ ಸರ್ ಮತ್ತು ಫಿಜಿಯೋ ಆಯ್ಕೆಯ ಸಭೆಗೆಂದು ಠಾಣೆಗೆ ಹೋಗಿದ್ದರು. ಎರಡು ಗಂಟೆಯ ಹೊತ್ತು. ಸದ್ದು ಶುರುವಾಯಿತು. ಆದರೆ ಎಂದಿನ ಹಾಗಿರಲಿಲ್ಲ. ಎರಡು ಹೆಜ್ಜೆ, ಒಂದು ನಿಲುಗಡೆ. ಕಾಲು ಎಳೆದ ಸದ್ದು. ಮತ್ತೆ ಪರಪರ. ಓರೆಗಣ್ಣಿನಿಂದ ಗೋಡೆಯ ಕಡೆ ನೋಡಿದೆ. ಲೋಟ ನೆಟ್ಟಗೇ ಇತ್ತು. ತುಂಬಿದ ನೀರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು. ಬೆಲ್ಲಕ್ಕೆ ಇರುವೆ ಮುತ್ತಿತ್ತು.

ಕುಡಿದಿಲ್ಲ ಎಂಬ ಒಂದೇ ಯೋಚನೆ ನನಗೆ. ಏನು ತಪ್ಪಾಯಿತು, ಯಾಕೆ ಬೇಡವಾಯಿತು? ಕಟ್ಟಡದ ಆಚೆ ಏನೋ ಗೋಡೆಗೆ ಬಡಿದಂತಾಯಿತು. ಮತ್ತೊಮ್ಮೆ ಬಡಿಯಿತು. ನಾನು ತಿರುಗಿದೆ. ಊರಿನ ಮಾತು ಮೀರಿ, ಸದ್ದು ಬಂದ ಕಡೆಗೆ ನಡೆದೆ.

ಕಟ್ಟಡದ ಹಿಂದಿನ ಗೋಡೆಗೆ ಮುಖ ಮಾಡಿ ಯಾರೋ ನಡೆಯುತ್ತಿದ್ದರು. ಗೋಡೆಯೊಳಕ್ಕೇ ನಡೆಯುತ್ತಿದ್ದರು. ಹೆಗಲು ಬಡಿಯುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಮೈತುಂಬ ಕಪ್ಪು ಪ್ಲಾಸ್ಟಿಕ್ಕಿನ ಮಳೆಕೋಟು, ತಲೆಯ ಮೇಲೆ ಅದರ ಟೋಪಿ. ಮುಖ ಕಾಣಲಿಲ್ಲ.

"ಏರ್?" ಎಂದೆ. ಯಾರು ಎಂದು. ಕುಲೆಯನ್ನು ಕೇಳುವ ಹಾಗೆಯೇ ಕೇಳಿದೆ.

ಅದು ತಿರುಗಿತು. ವಿಠ್ಠಲವಾಡಿಯ ಹುಡುಗಿ. ಕಣ್ಣು ತೆರೆದಿದ್ದವು, ನನ್ನ ಮೇಲೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ತುಟಿ ಅಲುಗಿತು.

"ಎಂಕ್ ಚಳಿ ಆಪುಂಡು."

ನನಗೆ ಚಳಿಯಾಗುತ್ತಿದೆ. ಒಂದು ತಿಂಗಳಲ್ಲಿ ಒಂದೇ ಒಂದು ತುಳು ಮಾತು ಆಡದವಳ ಬಾಯಲ್ಲಿ ಆ ಮೂರು ಮಾತು.

ಆ ಮೂರು ಮಾತು ನಾನು ಹಿಂದೆಯೂ ಕೇಳಿದ್ದೆ. ಕೋಪರಿಯ ಅಡುಗೆಮನೆಯಲ್ಲಿ, ಹೊಗೆ ಎಳೆಯುವ ಫ್ಯಾನು ಕೆಟ್ಟು ಮೂರನೆಯ ದಿನ, ನಿಮ್ಮ ಅಜ್ಜ ಒಲೆಯ ಮುಂದಿನಿಂದ ಎದ್ದುಬಂದು ಅದನ್ನೇ ಹೇಳಿದರು. ನಮ್ಮ ಕಡೆ ಚಳಿ ಎಂದರೆ ಜ್ವರ ಬರುತ್ತಿದೆ ಎಂದೇ ಲೆಕ್ಕ. ನಾನು ಉಗ್ರಾಣದಲ್ಲಿ ಚಾಪೆ ಹಾಸಿ, ಮಲಗಿಸಿ, ದಪ್ಪ ಕಂಬಳಿ ಹೊದಿಸಿದೆ. ನಡುಗುತ್ತಿದ್ದರು, ಇನ್ನೊಂದನ್ನು ಹೊದಿಸಿದೆ. ಏನೇನೋ ಮಾತಾಡುತ್ತಿದ್ದರು. ನಿದ್ದೆ ಬರಲಿ ಎಂದು ಬಾಗಿಲು ಮುಂದೆ ಮಾಡಿ ಗಿರಾಕಿಗಳಿಗೆ ಬಡಿಸಲು ಹೋದೆ. ಡಾಕ್ಟರ್ ಬಂದಾಗ ಕಂಬಳಿ ತೆಗೆದು, ಇದನ್ನು ಯಾರು ಹೊದಿಸಿದ್ದು ಎಂದು ಕೇಳಿದರು. ನಾನು ಆ ಕಂಬಳಿ ಮಡಚತೊಡಗಿದೆ. ಅವರು ಮತ್ತೆ ಕೇಳಲಿಲ್ಲ. ಹೃದಯ ನಿಂತಿತು ಎಂದು ಬರೆದುಕೊಟ್ಟರು. ಕಂಬಳಿಯಿಂದಲೇ ಹೋದರು ಎಂದು ಯಾರೂ ಹೇಳಿಲ್ಲ. ಅಲ್ಲ ಎಂದೂ ಯಾರೂ ಹೇಳಿಲ್ಲ. ನಿಮ್ಮ ಅಪ್ಪನಿಗೂ ಇದು ತಿಳಿಯದು.

ಅಂದು ಆ ಹುಡುಗಿಯ ಮುಂದೆ ನಿಂತಾಗಲೂ ನನ್ನ ಕೈ ಮೊದಲು ಹೋದದ್ದು ನನ್ನ ಸೆರಗಿಗೇ. ಅವಳಿಗೆ ಹೊದಿಸಲು. ಸೆರಗು ಅವಳ ಹೆಗಲ ಮೇಲೆ ಬಿದ್ದೂ ಆಗಿತ್ತು. ಆಗ ನನ್ನ ಬೆರಳು ಅವಳ ಕತ್ತಿನ ಹಿಂಭಾಗಕ್ಕೆ ತಗುಲಿತು. ದೋಸೆ ಹುಯ್ಯುವ ಮೊದಲು ಕಾವಲಿಯ ಮೇಲೆ ಅಂಗೈ ಹಿಡಿದು ಕಾವು ನೋಡುತ್ತೇವಲ್ಲ, ಆ ಕಾವು. ಕೋಟಿನೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಸೆರಗು ಎಳೆದುಕೊಂಡೆ.

ಕಾವಲಿನ ಅಜ್ಜನನ್ನು ಕೂಗಿದೆ. ನನ್ನ ಗಂಟಲಲ್ಲಿ ಅಷ್ಟು ದೊಡ್ಡ ಸ್ವರವಿತ್ತೆಂದು ನನಗೇ ಗೊತ್ತಿರಲಿಲ್ಲ. ಅವನು ಬರುವಷ್ಟರಲ್ಲಿ ಅವಳು ಕುಸಿದಿದ್ದಳು. ತರಕಾರಿ ಹೆಚ್ಚುವ ಚೂರಿ ತಂದು ಮಳೆಕೋಟು ಸೀಳಿದೆ. ಅವನು ನೀರಿನ ಬಾಟಲಿ ತೆಗೆದು ಅವಳ ಬಾಯಿಗೆ ಹಿಡಿಯಲು ಬಂದ.

"ಮಾಜೀ, ಪಾನೀ ಪಿಲಾವೋ. ಫಿರ್ ರಿಕ್ಷಾ ಮೇಂ ಡಾಲ್‌ತೇ ಹೈಂ, ಸೀಧಾ ಅಸ್ಪತಾಲ್."

ನೀರು ಕುಡಿಸಿ, ರಿಕ್ಷಾಕ್ಕೆ ಹಾಕಿ ನೇರ ಆಸ್ಪತ್ರೆಗೆ ಒಯ್ಯೋಣ ಎಂದ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕ್ಕೆ ಹೋಗುತ್ತದೆ ಎಂದು ಫಿಜಿಯೋ ಹೇಳಿದ್ದಳು. ಬಾಟಲಿ ಕಿತ್ತುಕೊಂಡೆ. ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಒಂದು ಗಳಿಗೆ ಮನಸ್ಸು ಡೋಲಾಯಮಾನವಾಯಿತು. ಎತ್ತಿ ರಿಕ್ಷಾಕ್ಕೆ ಹಾಕಿದರೆ ನನ್ನ ಹೊಣೆ ಮುಗಿಯಿತು. ಇಲ್ಲೇ ಇಟ್ಟುಕೊಂಡು ಅವಳು ಹೋದರೆ, ಏಳನೆಯ ತರಗತಿಯ ಮುದುಕಿ ಹುಡುಗಿಯನ್ನು ಮಂಜಿನಲ್ಲಿ ಮುಳುಗಿಸಿ ಕೊಂದಳು ಎನ್ನುತ್ತಾರೆ.

"ಮೊದಲು ತಂಪು," ಎಂದೆ, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

ಮೇಜಿನ ಬಟ್ಟೆಯ ಮೇಲೆ ಮಲಗಿಸಿ ಎಳೆದುಕೊಂಡು ಬಂದೆವು. ಈಜುಕೊಳಕ್ಕೆ ಇಳಿಸಿದೆವು. ಅವನು ಮಂಜಿನ ಲಾದಿಗಳನ್ನು ಒಡೆದು ಸುರಿದ. ನಾನು ಅವಳ ಹಿಂದೆ ನೀರಿನಲ್ಲೇ ಕೂತು, ಕಂಕುಳಲ್ಲಿ ಕೈ ಹಾಕಿ ತಲೆ ಮೇಲಿರುವಂತೆ ಹಿಡಿದೆ. ಮೈಸುತ್ತ ನೀರು ಬೆಚ್ಚಗಾಗಿ ನಿಲ್ಲಬಾರದೆಂದು ಅವನು ಸೌಟಿನಿಂದ ಕಲಕುತ್ತಲೇ ಇದ್ದ. ಆಂಬ್ಯುಲೆನ್ಸಿಗೆ ಫೋನ್ ಮಾಡಿಸಿದೆ. ಆಮೇಲೆ ಫಿಜಿಯೋಗೆ. ಅವಳು ವಾಪಸು ಬರುವ ಲೋಕಲ್ ರೈಲಿನಲ್ಲಿದ್ದಳು. ಸ್ವರ ತುಂಡು ತುಂಡಾಗಿ ಬಂತು. "ತೆಗೀಬ್ಯಾಡ್ರಿ ಅಜ್ಜಿ. ಏನಂದ್ರೂ ತೆಗೀಬ್ಯಾಡ್ರಿ."

ಹುಡುಗಿಗೆ ಅರೆ ಎಚ್ಚರ ಬಂತು. ಒದ್ದಳು, ನನ್ನ ಕೈ ಪರಚಿದಳು. ಚಳಿ, ಚಳಿ ಎಂದು ತುಳುವಿನಲ್ಲಿ ಬೇಡಿದಳು. ಆ ಸ್ವರ ಅವಳದ್ದಾಗಿರಲಿಲ್ಲ. ತುಂಬಾ ವಯಸ್ಸಾದ ಯಾರದೋ ಆಗಿತ್ತು. ಒಮ್ಮೆ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದು ನನ್ನ ಕಿವಿಯ ಭ್ರಮೆಯೇ ಇರಬೇಕು. ಕೇಳಿದ್ದನ್ನು ಕೊಟ್ಟು ಒಬ್ಬರನ್ನು ಕಳೆದುಕೊಂಡಿದ್ದೆ. ಈ ಸಲ ಕೊಡಲಿಲ್ಲ. ಕಣ್ಣು ಮುಚ್ಚಿ ಹಿಡಿದೇ ಇದ್ದೆ. ನನ್ನ ಕಾಲು ಮರಗಟ್ಟಿತು.

ಎಷ್ಟೋ ಹೊತ್ತಿನ ಮೇಲೆ ಮರಾಠಿಯಲ್ಲಿ ಒಂದು ಸಣ್ಣ ಸ್ವರ ಕೇಳಿಸಿತು. "ಆಜಿ, ಇಥಂ ಕಾಯ್ ಕರತಾಯ್?" ಆಜಿ, ಇಲ್ಲೇನು ಮಾಡ್ತಿದ್ದೀರಿ ಎಂದು ಆ ಹುಡುಗಿ ನನ್ನನ್ನೇ ಕೇಳುತ್ತಿದ್ದಳು.

ನಾನು ಅತ್ತೆ. ಆಂಬ್ಯುಲೆನ್ಸ್ ಬಂದಾಗಲೂ ಅವಳ ಮೈಯ ಕಾವು ಮೂವತ್ತೊಂಬತ್ತು ಡಿಗ್ರಿ, ಎಂದರೆ ನೂರೆರಡರ ಜ್ವರದಷ್ಟು ಇತ್ತು. ತಣಿಸಿ ಕೊಟ್ಟದ್ದು ಒಳ್ಳೆಯದಾಯಿತು ಎಂದಷ್ಟೇ ಆಸ್ಪತ್ರೆಯವರು ಹೇಳಿದರು. ಒಡೆದ ಮಂಜಿನ ಮೊನೆ ಚುಚ್ಚಿ ನಿಮ್ಮ ಈಜುಕೊಳದ ಬಾತುಕೋಳಿಗಳು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿದ್ದವು.

ಮರುದಿನದಿಂದ ರಿಜಿಸ್ಟರಿನಲ್ಲಿ ಎಷ್ಟು ಇಳಿಯಿತು ಎಂದು ಯಾರಿಗೂ ತೋರಿಸಲಿಲ್ಲ; ಎಷ್ಟು ಕುಡಿಯಬೇಕು ಎಂದು ಮಾತ್ರ ಹೇಳುತ್ತಿದ್ದೆ. ಆ ನಿರ್ಧಾರ ನನ್ನದು. ಫಿಜಿಯೋಗೂ ಕೋಚ್ ಸರ್‌ಗೂ ಎದುರಿಗೆ ನಿಂತೇ ಹೇಳಿದೆ. ಅಷ್ಟು ದಿನ ಆ ಸದ್ದು ಕೇಳಿಯೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಲೋಟದ ವಿಷಯ ಹೇಳಲಿಲ್ಲ. ಮಧ್ಯಾಹ್ನ ಹಾಸ್ಟೆಲಿನ ಬಾಗಿಲ ಬಳಿ ಕೂತು ಕಾಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ.

ಮೂರನೆಯ ದಿನ ಪುನರ್ಪುಳಿ ಶರಬತ್ತು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಅವಳು ಎದ್ದು ಕೂತಿದ್ದಳು. ನಾಲ್ವರಲ್ಲಿ ಒಬ್ಬಳಾಗಲು ಮೈ ಹಗುರ ಮಾಡಬೇಕೆಂದು, ದಿನವೂ ಮಧ್ಯಾಹ್ನ ಕೋಟು ಹಾಕಿಕೊಂಡು ಕಟ್ಟಡದ ಹಿಂದೆ ಓಡುತ್ತಿದ್ದೆ ಎಂದು ತಲೆ ತಗ್ಗಿಸಿ ಒಪ್ಪಿಕೊಂಡಳು. ಕ್ಯಾನಿನ ನೀರಿನಿಂದ ಕಾಲು, ತಲೆ ನೆನೆಸಿಕೊಂಡವಳೂ ತಾನೇ ಎಂದಳು. ಕುಡಿಯುತ್ತಿರಲಿಲ್ಲ, ಕುಡಿದರೆ ತೂಕ ಏರುತ್ತದಲ್ಲ.

ಅಷ್ಟು ಚೆನ್ನಾಗಿ ತುಳು ಎಲ್ಲಿ ಕಲಿತೆ ಎಂದು ಕೇಳಿದೆ. ಅವಳು ಪಕ್ಕದಲ್ಲಿ ಕೂತಿದ್ದ ತಾಯಿಯ ಮುಖ ನೋಡಿದಳು. ಇವಳಿಗೆ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ ಎಂದು ತಾಯಿ ಹೇಳಿದರು.

ಹೊರಡುವಾಗ ಇನ್ನೊಂದು ಮಾತು ಕೇಳದೆ ಇರಲಾಗಲಿಲ್ಲ. ಗೋಡೆಯ ಮೇಲಿನ ಬೆಲ್ಲವನ್ನಾದರೂ ತಿನ್ನುತ್ತಿದ್ದೆಯಲ್ಲ, ಲೋಟ ಬೋರಲು ಹಾಕುತ್ತಿದ್ದೆಯಲ್ಲ ಎಂದೆ.

"ಕೋಣತಾ ಲೋಟಾ, ಆಜಿ?" ಎಂದಳು. ಯಾವ ಲೋಟ ಎಂದು.

ಬೆಲ್ಲವನ್ನು ಕಾಗೆ ಒಯ್ದಿರಬಹುದು. ಗಾಳಿಗೆ ಲೋಟ ಬಿದ್ದಿರಬಹುದು. ಬಿದ್ದರೆ ಅಡ್ಡ ಬೀಳುತ್ತದೆ, ಐದು ದಿನವೂ ಬೋರಲಾಗಿ ಕೂರುವುದಿಲ್ಲ ಎಂದು ನನಗೆ ಗೊತ್ತು. ಆದರೂ ನಾನು ಯೋಚಿಸುವುದು ಆ ಐದು ದಿನಗಳ ವಿಷಯವನ್ನಲ್ಲ. ಆರನೆಯ ದಿನ ಲೋಟ ತುಂಬಿಯೇ ಉಳಿದದ್ದನ್ನು. ಅಂದೂ ಅದು ಬೋರಲಾಗಿದ್ದರೆ ನಾನು ಸಮಾಧಾನದಿಂದ ಬೆನ್ನು ಹಾಕಿ ನಿಂತೇ ಇರುತ್ತಿದ್ದೆ.

ಯಾರಾದರೂ ಬಿಸಿಲಿನಲ್ಲಿ, ಒಲೆಯ ಮುಂದೆ, ಓಡಿ ಬಂದು ಚಳಿ ಎಂದರೆ ಮೊದಲು ಕತ್ತು ಮುಟ್ಟಿ. ಇಷ್ಟನ್ನು ನೆನಪಿಡಿ ಸಾಕು. ಅಜ್ಜನ ಕಂಬಳಿಯ ಮಾತನ್ನು ನಿಮ್ಮ ಅಪ್ಪ ಓದಿಕೊಡುವಾಗ ಅವನ ಸ್ವರ ನಿಂತರೆ, ಅವಸರ ಮಾಡಬೇಡಿ. ಅವನೇ ಮುಂದೆ ಓದುತ್ತಾನೆ. ಆ ಸ್ಟೀಲಿನ ಲೋಟ ನನ್ನ ಕಪಾಟಿನ ಮೇಲಿನ ಅರೆಯಲ್ಲಿ ಬೋರಲಾಗಿದೆ. ಈ ಹಾಳೆಗಳನ್ನು ಮಡಚಿ ಅದರ ಕೆಳಗೇ ಇಡಿ. ನೀರು ತಾಗದಂತೆ ನೋಡಿಕೊಳ್ಳಿ, ಕಳೆಯಬೇಡಿ.